ನಿಮಗಿದು ಗೊತ್ತೇ? ಬೈಬಲ್ ಹೊತ್ತು ಕಡಲು ದಾಟಿದವರು

ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಪ್ಯೂರಿಟನ್ನರು ಎಂದೊಡನೆ ಕಣ್ಣ ಮುಂದೆ ಬರುವುದು ಕಪ್ಪು ಉಡುಪು, ಬಕಲ್ ಸಿಕ್ಕಿಸಿದ ಎತ್ತರದ ಟೋಪಿ. ಆ ಬಕಲ್ ಟೋಪಿಯನ್ನು ಅವರ ತಲೆಗೆ ಇಟ್ಟವರು ಎಷ್ಟೋ ಕಾಲದ ನಂತರದ ಚಿತ್ರಕಾರರು. ಕಪ್ಪು ಬಣ್ಣ ಕಟ್ಟುವುದು ಆಗ ದುಬಾರಿಯಾಗಿತ್ತು. ಅದಕ್ಕೇ ಕಪ್ಪು ಬಟ್ಟೆ ಉಳ್ಳವರ, ಪಾದ್ರಿಗಳ, ವಿಶೇಷ ದಿನಗಳ ಉಡುಪಾಗಿತ್ತು. ಹೊಲ ಉಳುವವನು, ಬಡಗಿ, ಮನೆವಾರ್ತೆ ನೋಡುವ ಹೆಣ್ಣುಮಗಳು ಉಡುತ್ತಿದ್ದದ್ದು ಕಂದು, ಹಸಿರು, ಬೂದು, ಇಟ್ಟಿಗೆಗೆಂಪು. 1651ರಲ್ಲಿ ಅವರ ಮ್ಯಾಸಚೂಸೆಟ್ಸ್ ವಸಾಹತಿನ ಸರ್ಕಾರ ಒಂದು ಕಾನೂನು ತಂದಿತು: 200 ಪೌಂಡಿಗಿಂತ ಕಡಿಮೆ ಆಸ್ತಿಯಿರುವವರು ಬಟ್ಟೆಗೆ ಚಿನ್ನ ಬೆಳ್ಳಿಯ ಜರಿ ಹಚ್ಚಿಕೊಳ್ಳಬಾರದು. ಕಾನೂನು ಬೇಕಾಯಿತೆಂದರೆ ಹಚ್ಚಿಕೊಳ್ಳುವವರು ಸಾಕಷ್ಟು ಮಂದಿ ಇದ್ದರೆಂದೇ ಅರ್ಥ.

ಪಿಲ್‌ಗ್ರಿಮರು ಬೇರೆ, ಪ್ಯೂರಿಟನ್ನರು ಬೇರೆ. 1620ರಲ್ಲಿ 'ಮೇಫ್ಲವರ್' ಹಡಗಿನಲ್ಲಿ ಬಂದು ಪ್ಲಿಮತ್‌ನಲ್ಲಿ ನೆಲೆಯೂರಿದ ಪಿಲ್‌ಗ್ರಿಮರು ಇಂಗ್ಲೆಂಡಿನ ಚರ್ಚಿನಿಂದ ಪೂರ್ತಿ ಕಳಚಿಕೊಂಡವರು. ಹತ್ತು ವರ್ಷದ ನಂತರ, 1630ರಲ್ಲಿ, ಗವರ್ನರ್ ಜಾನ್ ವಿಂತ್ರಪ್ ಜೊತೆ ಬಾಸ್ಟನ್ನಿಗೆ ಬಂದ ಪ್ಯೂರಿಟನ್ನರಿಗೆ ಚರ್ಚನ್ನು ಬಿಡುವುದು ಬೇಕಿರಲಿಲ್ಲ, ಅದನ್ನು ತೊಳೆದು ಶುದ್ಧ ಮಾಡಬೇಕಿತ್ತು. ಬೈಬಲ್ಲಿನಲ್ಲಿ ಇಲ್ಲದ್ದು ಆರಾಧನೆಯಲ್ಲೂ ಇರಬಾರದು ಎಂಬ ಹಟ ಮಾತ್ರ ಇಬ್ಬರದೂ ಒಂದೇ.

ಮೇಫ್ಲವರ್‌ನಲ್ಲಿ 102 ಮಂದಿ ಪ್ರಯಾಣಿಕರಿದ್ದರು. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಮಣ್ಣಾಗಿದ್ದರು.

ಆ ಹಡಗಿನ ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿ ಹೇಳಿ ನೋಡಿ: ಪ್ರೀತಿ, ವಿನಯ, ನೆನಪು, ದೃಢಸಂಕಲ್ಪ. ಬ್ರೂಸ್ಟರ್ ದಂಪತಿ ಒಬ್ಬ ಮಗನಿಗೆ 'ಲವ್' ಎಂದೂ ಇನ್ನೊಬ್ಬನಿಗೆ 'ರೆಸ್ಲಿಂಗ್' ಎಂದೂ ಹೆಸರಿಟ್ಟಿದ್ದರು. ಎರಡನೆಯದರ ಅರ್ಥ ಕುಸ್ತಿ. ನಡುಗಡಲಿನಲ್ಲಿ ಹುಟ್ಟಿದ ಕೂಸು 'ಓಶಿಯಾನಸ್'. ಹಡಗು ಲಂಗರು ಹಾಕಿದ ಮೇಲೆ ಹುಟ್ಟಿದವನು 'ಪೆರೆಗ್ರಿನ್', ಅಂದರೆ ಯಾತ್ರಿಕ.

ಆ ಪೆರೆಗ್ರಿನ್‌ನ ತಂದೆ 1621ರ ಫೆಬ್ರವರಿಯಲ್ಲಿ ತೀರಿಕೊಂಡ. ಎಡ್ವರ್ಡ್ ವಿನ್ಸ್ಲೋ ಎಂಬವನ ಹೆಂಡತಿ ಮಾರ್ಚ್‌ನಲ್ಲಿ ಸತ್ತಳು. ಮೇ ತಿಂಗಳಲ್ಲಿ ಆ ವಿಧವೆಗೂ ಈ ವಿಧುರನಿಗೂ ಮದುವೆಯಾಯಿತು. ಪ್ಲಿಮತ್‌ನ ಮೊಟ್ಟಮೊದಲ ಮದುವೆ ಅದು. ಅದನ್ನು ಮಾಡಿಸಿದವನು ಪಾದ್ರಿಯಲ್ಲ, ಸರ್ಕಾರಿ ಅಧಿಕಾರಿ. ಮದುವೆ ಸಂಸ್ಕಾರವಲ್ಲ, ಒಪ್ಪಂದ ಎಂಬುದು ಈ ಕಡು ಧರ್ಮನಿಷ್ಠರ ನಿಲುವು. ಒಪ್ಪಂದವಾದ್ದರಿಂದ, ತಕ್ಕ ಕಾರಣವಿದ್ದರೆ ವಿಚ್ಛೇದನಕ್ಕೂ ದಾರಿಯಿತ್ತು.

ಕ್ರಿಸ್‌ಮಸ್ ಆಚರಿಸಿದರೆ ದಂಡ! 1659ರ ಮ್ಯಾಸಚೂಸೆಟ್ಸ್ ಕಾನೂನಿನ ಪ್ರಕಾರ ಆ ದಿನ ಕೆಲಸ ಬಿಟ್ಟು ಕೂತವರು, ಹಬ್ಬದೂಟ ಮಾಡಿದವರು 5 ಶಿಲ್ಲಿಂಗ್ ಕಟ್ಟಬೇಕಿತ್ತು. ಯೇಸು ಹುಟ್ಟಿದ ತಾರೀಕು ಬೈಬಲ್ಲಿನಲ್ಲಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಕಾನೂನು ರದ್ದಾದದ್ದು 1681ರಲ್ಲಿ. ಅದಕ್ಕೂ ಮುಂಚೆ, 1621ರ ಡಿಸೆಂಬರ್ 25ರಂದು, ಪ್ಲಿಮತ್‌ಗೆ ಹೊಸದಾಗಿ ಬಂದ ಕೆಲವರು ಈ ದಿನ ದುಡಿಯಲು ನಮ್ಮ ಆತ್ಮಸಾಕ್ಷಿ ಒಪ್ಪದು ಎಂದರು. ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಸರಿ ಎಂದು ಬಿಟ್ಟ. ಮಧ್ಯಾಹ್ನ ಕೆಲಸದಿಂದ ಬಂದು ನೋಡಿದರೆ ಬೀದಿಯಲ್ಲಿ ಚೆಂಡಾಟ. ಚೆಂಡು ಕಿತ್ತುಕೊಂಡು, ಉಳಿದವರು ದುಡಿಯುವಾಗ ನೀವು ಆಡುವುದನ್ನು ನನ್ನ ಆತ್ಮಸಾಕ್ಷಿ ಒಪ್ಪದು ಎಂದನಂತೆ. ಇದನ್ನು ಬರೆದಿಟ್ಟವನು ಬ್ರಾಡ್‌ಫರ್ಡನೇ.

ಅವರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ತಿಂಗಳುಗಳಿಗೂ ವಾರಗಳಿಗೂ ಅನ್ಯದೇವತೆಗಳ ಹೆಸರಿವೆಯೆಂದು ಅನೇಕರು 'ಒಂದನೆಯ ತಿಂಗಳು', 'ಎರಡನೆಯ ತಿಂಗಳು' ಎಂದೇ ಬರೆಯುತ್ತಿದ್ದರು. ಅವರ ಒಂದನೆಯ ತಿಂಗಳು ನಮ್ಮ ಮಾರ್ಚ್.

ಪ್ರಾರ್ಥನೆಯ ಕಟ್ಟಡವನ್ನು ಅವರು ಚರ್ಚ್ ಎನ್ನುತ್ತಿರಲಿಲ್ಲ. ಚರ್ಚ್ ಎಂದರೆ ಜನ. ಕಟ್ಟಡ ಬರೀ ಸಭೆ ಸೇರುವ ಮನೆ. ಅಲ್ಲಿ ಶಿಲುಬೆಯಿಲ್ಲ, ಚಿತ್ರವಿಲ್ಲ, ವಾದ್ಯವಿಲ್ಲ, ಮೈ ಕಾಯಿಸಿಕೊಳ್ಳಲು ಒಲೆಯೂ ಇಲ್ಲ. 1686ರ ಜನವರಿಯ ಒಂದು ಭಾನುವಾರ ಪ್ರಭುಭೋಜನದ ರೊಟ್ಟಿ ಹೆಪ್ಪುಗಟ್ಟಿ, ಮುರಿದು ಹಾಕುವಾಗ ತಟ್ಟೆಯಲ್ಲಿ ಕಟಕಟ ಸದ್ದು ಮಾಡಿತೆಂದು ನ್ಯಾಯಾಧೀಶ ಸ್ಯಾಮ್ಯುಯಲ್ ಸೂಯಲ್ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಅಂಥ ಚಳಿಯಲ್ಲಿ ಗಂಟೆಗಟ್ಟಲೆ ಉಪದೇಶ. ಈ ವಸಾಹತುಗಳ ಸೀಮೆಯಾದ ನ್ಯೂ ಇಂಗ್ಲೆಂಡಿನ ಒಬ್ಬ ಸಾಮಾನ್ಯ ಮನುಷ್ಯ ಜೀವಮಾನದಲ್ಲಿ ಸುಮಾರು 7,000 ಉಪದೇಶ ಕೇಳುತ್ತಿದ್ದ ಎಂಬ ಅಂದಾಜಿದೆ.

ಹೆಂಡತಿಯನ್ನು ಹೊಡೆಯುವುದು 1641ರಲ್ಲೇ ಮ್ಯಾಸಚೂಸೆಟ್ಸ್‌ನಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಸಾಕುಪ್ರಾಣಿಗಳನ್ನು ಹಿಂಸಿಸುವುದೂ ವಿರುದ್ಧವೇ. ಪಾದ್ರಿ ನಥಾನಿಯಲ್ ವಾರ್ಡ್ ರಚಿಸಿದ ಕಾನೂನು ಸಂಹಿತೆಯ ಮಾತಿದು. ಆದರೆ ಅದೇ ಸಂಹಿತೆ ಯುದ್ಧದಲ್ಲಿ ಸೆರೆಸಿಕ್ಕವರನ್ನು, ಮಾರಾಟಕ್ಕೆ ಬಂದ ಪರಕೀಯರನ್ನು ಗುಲಾಮರಾಗಿ ಇಟ್ಟುಕೊಳ್ಳಲು ಅನುಮತಿ ಕೊಟ್ಟಿತು. ಮಾಟ ಮಾಡಿದವರಿಗೆ ಮರಣದಂಡನೆ ಎಂದೂ ಹೇಳಿತು. ಒಂದೇ ಕಾಗದದ ಮೇಲೆ ಇಷ್ಟು ಬೆಳಕು, ಇಷ್ಟು ಕತ್ತಲು. ಈ ಜನರನ್ನು ಓದುವಾಗಲೆಲ್ಲ ನನಗೆ ಈ ಸಂಹಿತೆ ನೆನಪಾಗುತ್ತದೆ.

*

ಕಾಡು ಕಡಿದು ಮನೆ ಕಟ್ಟಿಕೊಂಡ ಆರೇ ವರ್ಷಕ್ಕೆ ಅವರು ಕಾಲೇಜು ಕಟ್ಟಲು ಹೊರಟರು. 1636ರಲ್ಲಿ ಸರ್ಕಾರ 400 ಪೌಂಡ್ ಮಂಜೂರು ಮಾಡಿತು. 1638ರಲ್ಲಿ ತೀರಿಕೊಂಡ ಎಳೆಯ ಪಾದ್ರಿಯೊಬ್ಬ ತನ್ನ ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಅದಕ್ಕೆ ಬಿಟ್ಟುಹೋದ. ಅವನ ಹೆಸರು ಜಾನ್ ಹಾರ್ವರ್ಡ್.

ಶಾಲೆ ಕಡ್ಡಾಯವಾದದ್ದು ಸೈತಾನನ ದೆಸೆಯಿಂದ! 1647ರ ಕಾನೂನು 50 ಮನೆಯಿರುವ ಪ್ರತಿ ಊರೂ ಓದು ಬರಹ ಕಲಿಸುವ ಮೇಷ್ಟ್ರನ್ನು ನೇಮಿಸಬೇಕು, 100 ಮನೆಯಿದ್ದರೆ ಲ್ಯಾಟಿನ್ ಕಲಿಸುವ ಶಾಲೆ ನಡೆಸಬೇಕು ಎಂದಿತು. ಬೈಬಲ್ ಓದಲು ಬಾರದವರನ್ನು ಸೈತಾನ ಸುಲಭವಾಗಿ ಮೋಸ ಮಾಡುತ್ತಾನೆ ಎಂಬುದು ಕಾನೂನಿನ ಪೀಠಿಕೆಯಲ್ಲೇ ಕೊಟ್ಟ ಕಾರಣ.

ಬ್ರಿಟಿಷ್ ಉತ್ತರ ಅಮೆರಿಕದ ಮೊದಲ ಅಚ್ಚುಕೂಟದ ಒಡತಿ ಒಬ್ಬ ಹೆಂಗಸು. ಅಚ್ಚಿನ ಯಂತ್ರ ಹೊತ್ತು ಹೊರಟ ಪಾದ್ರಿ ಗ್ಲೋವರ್ 1638ರಲ್ಲಿ ಹಡಗಿನಲ್ಲೇ ಸತ್ತ. ಅವನ ಹೆಂಡತಿ ಎಲಿಜಬೆತ್ ಹಿಂದಿರುಗಲಿಲ್ಲ. ಬಾಸ್ಟನ್ ಬಳಿಯ ಕೇಂಬ್ರಿಜ್ ಊರಿನಲ್ಲಿ ಯಂತ್ರ ಹೂಡಿಸಿದಳು. ನಡೆಸಲು ಸಿಕ್ಕವನು ಸ್ಟೀಫನ್ ಡೇ, ಕಸುಬಿನಲ್ಲಿ ಬೀಗ ಮಾಡುವವನು. 1640ರಲ್ಲಿ ಅಲ್ಲಿ ಅಚ್ಚಾದ ಕೀರ್ತನೆಗಳ ಪುಸ್ತಕದಲ್ಲಿ 'ಕೀರ್ತನೆ' ಎಂಬ ಮಾತಿನ ಇಂಗ್ಲಿಷ್ ಕಾಗುಣಿತವೇ ಎಡಪುಟದಲ್ಲೊಂದು, ಬಲಪುಟದಲ್ಲೊಂದು! ಸುಮಾರು 1,700 ಪ್ರತಿ ಅಚ್ಚಾಗಿ, ಉಳಿದಿರುವುದು 11. ಅದರಲ್ಲೊಂದು 2013ರಲ್ಲಿ ಸುಮಾರು 1.42 ಕೋಟಿ ಡಾಲರಿಗೆ ಹರಾಜಾಯಿತು. ಅಚ್ಚಾದ ಪುಸ್ತಕವೊಂದಕ್ಕೆ ಹರಾಜಿನಲ್ಲಿ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

ಹಾಡುವ ಪುಸ್ತಕವಾದರೂ ಅದರಲ್ಲಿ ಸ್ವರಲಿಪಿ ಇರಲಿಲ್ಲ. ಒಬ್ಬ ಒಂದು ಸಾಲು ಹೇಳಿಕೊಡುವುದು, ಸಭೆ ಅದನ್ನು ಹಿಡಿದು ಹಾಡುವುದು. ನಮ್ಮ ಭಜನೆ ಕಂಡವರಿಗೆ ಈ ಪದ್ಧತಿ ಬಿಡಿಸಿ ಹೇಳಬೇಕಾಗಿಲ್ಲ.

*

ಅಮೆರಿಕದ ಮೊದಲ ಪ್ರಕಟಿತ ಕವಯಿತ್ರಿಗೆ ತನ್ನ ಪುಸ್ತಕ ಅಚ್ಚಾದದ್ದೇ ಗೊತ್ತಿರಲಿಲ್ಲ. ಆನ್ ಬ್ರಾಡ್‌ಸ್ಟ್ರೀಟ್ 16ರ ಹರೆಯದಲ್ಲಿ ಮದುವೆಯಾಗಿ, 1630ರಲ್ಲಿ ವಿಂತ್ರಪನ ಹಡಗಿನಲ್ಲೇ ಬಂದವಳು. ತಂದೆಯೂ ಗಂಡನೂ ಮುಂದೆ ಗವರ್ನರ್ ಆದರು. ಎಂಟು ಮಕ್ಕಳ ತಾಯಿ. ಹೆಂಗಸಿನ ಕೈಗೆ ಲೇಖನಿಗಿಂತ ಸೂಜಿಯೇ ಒಪ್ಪುತ್ತದೆ ಎನ್ನುವವರ ನಡುವೆ ಕೂತು ಬರೆದಳು. ಅವಳ ತಂಗಿಯ ಗಂಡ ಹಸ್ತಪ್ರತಿಯನ್ನು ಲಂಡನ್ನಿಗೆ ಒಯ್ದು, 1650ರಲ್ಲಿ 'ಹತ್ತನೆಯ ಮ್ಯೂಸ್' ಎಂಬ ಅರ್ಥದ ಹೆಸರಿಟ್ಟು ಅಚ್ಚು ಹಾಕಿಸಿಬಿಟ್ಟ. ಕಾವ್ಯದೇವತೆಗಳು ಒಂಬತ್ತು, ಅಮೆರಿಕದಲ್ಲಿ ಚಿಗುರಿದ ಹತ್ತನೆಯವಳು ಇವಳು ಎಂದು. ಅಚ್ಚಿನ ತಪ್ಪುಗಳೊಂದಿಗೆ ಪುಸ್ತಕ ಕೈಗೆ ಬಂದಾಗ ಆನ್ ಒಂದು ಕವಿತೆ ಬರೆದಳು. ಅದರಲ್ಲಿ ಪುಸ್ತಕ ಒಂದು ಕೊಳಕು ಮುಖದ ಮಗು. ತಾಯಿ ಅದರ ಮುಖ ತೊಳೆಯುತ್ತಾಳೆ, ತೊಳೆದಷ್ಟೂ ಕಲೆ ಎದ್ದು ಕಾಣುತ್ತದೆ.

1666ರ ಜುಲೈ 10ರ ರಾತ್ರಿ ಅವಳ ಮನೆಗೆ ಬೆಂಕಿ ಬಿತ್ತು. ಆ ಬಗ್ಗೆ ಬರೆದ ಕವಿತೆಯನ್ನು ಇಂದಿಗೂ ಜನ ಓದುತ್ತಾರೆ. ಕೊಟ್ಟವನೂ ದೇವರು, ಕಸಿದುಕೊಂಡವನೂ ದೇವರು ಎಂದು ಶಾಸ್ತ್ರೋಕ್ತವಾಗಿ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಾಳೆ. ನಡುನಡುವೆ ಕಣ್ಣು ಮಾತ್ರ ಬೂದಿಯ ಮೇಲೇ ಹೋಗುತ್ತದೆ: ಪೆಟ್ಟಿಗೆ ಇದ್ದದ್ದು ಇಲ್ಲಿ, ತಾನು ಕೂರುತ್ತಿದ್ದದ್ದು ಅಲ್ಲಿ, ಇನ್ನು ಆ ಮೇಜಿನ ಸುತ್ತ ಅತಿಥಿಗಳು ಕೂರುವುದಿಲ್ಲ. ನಂಬಿಕೆ ಒಂದು ಕಡೆ ಎಳೆಯುತ್ತದೆ, ಮನೆಯ ಮೇಲಿನ ಮಮತೆ ಇನ್ನೊಂದು ಕಡೆ. ಅವಳ ಕಾಲದವರ ನೂರು ಉಪದೇಶ ಓದಿದರೂ ಇಷ್ಟು ಹತ್ತಿರದಿಂದ ಒಂದು ಪ್ಯೂರಿಟನ್ ಮನಸ್ಸು ಕಾಣುವುದಿಲ್ಲ.

ಆ ಕಾಲದಲ್ಲಿ ಜನ ಮುಗಿಬಿದ್ದು ಕೊಂಡದ್ದು ಬೇರೆ ಕಾವ್ಯವನ್ನು. ಪಾದ್ರಿ ಮೈಕಲ್ ವಿಗಲ್ಸ್‌ವರ್ತ್ 1662ರಲ್ಲಿ ಬರೆದ ಅಂತಿಮ ತೀರ್ಪಿನ ದಿನದ ವರ್ಣನೆ ಅದು. 224 ಪದ್ಯ, 1,800 ಪ್ರತಿ, ಒಂದೇ ವರ್ಷದಲ್ಲಿ ಖಾಲಿ. ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಹುಟ್ಟಿದೊಡನೆ ಸತ್ತ ಕೂಸುಗಳೂ ಅದರಲ್ಲಿ ನರಕಕ್ಕೇ ಹೋಗುತ್ತವೆ. ನರಕದೊಳಗಿನ ಕೊಂಚ ಹಿತವಾದ ಕೋಣೆಗೆ ಎಂಬುದಷ್ಟೇ ವಿನಾಯಿತಿ. ಎಳೆಗೂಸುಗಳನ್ನು ಮಣ್ಣು ಮಾಡದ ಮನೆಯೇ ಅಪರೂಪವಾಗಿದ್ದ ಊರುಗಳಲ್ಲಿ ಅದನ್ನು ಓದಿದ ತಾಯಂದಿರ ಕರುಳು ಏನಾಗಿರಬೇಕು?

ಕವಿ ಸತ್ತು 200 ವರ್ಷದ ನಂತರ ಬೆಳಕಿಗೆ ಬಂದವನು ಎಡ್ವರ್ಡ್ ಟೇಲರ್. ವೆಸ್ಟ್‌ಫೀಲ್ಡ್ ಎಂಬ ಗಡಿಯೂರಿನ ಪಾದ್ರಿ, ವೈದ್ಯನೂ ಅವನೇ. ಪ್ರಭುಭೋಜನದ ಮುಂಚೆ ಮನಸ್ಸು ಅಣಿಗೊಳಿಸಿಕೊಳ್ಳಲು 40 ವರ್ಷಕ್ಕೂ ಮೇಲ್ಪಟ್ಟು ಕವಿತೆ ಬರೆದ. 200ಕ್ಕೂ ಹೆಚ್ಚು ಕವಿತೆ, ಯಾರಿಗಾಗಿಯೂ ಅಲ್ಲ. ನೂಲುವ ರಾಟೆ, ಮಗ್ಗ, ರೊಟ್ಟಿ, ಜೇಡ, ಎಲ್ಲವೂ ಅವನ ಕವಿತೆಗಳಲ್ಲಿ ದೇವರ ಮಾತಾಡುತ್ತವೆ. 1729ರಲ್ಲಿ ತೀರಿಕೊಂಡ. 1937ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತಾಮಸ್ ಜಾನ್ಸನ್ ಎಂಬ ವಿದ್ವಾಂಸರ ಕೈಗೆ ಆ ಹಸ್ತಪ್ರತಿ ಸಿಕ್ಕಿತು.

ಯೇಲ್ ಎಂದಾಗ ನೆನಪಾಯಿತು. ಆ ಹೆಸರಿನ ಬೇರು ಮದರಾಸಿನಲ್ಲಿದೆ! ಬಾಸ್ಟನ್ನಿನಲ್ಲಿ 1649ರಲ್ಲಿ ಹುಟ್ಟಿದ ಎಲಿಹು ಯೇಲ್, ಈಸ್ಟ್ ಇಂಡಿಯಾ ಕಂಪನಿ ಸೇರಿ 1687ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದ. ಅಪಾರ ಹಣ ಮಾಡಿದ. ಅವ್ಯವಹಾರದ ಆರೋಪಗಳ ನಡುವೆ 1692ರಲ್ಲಿ ಹುದ್ದೆ ಕಳೆದುಕೊಂಡ. 1718ರಲ್ಲಿ ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರ್, ಕಷ್ಟದಲ್ಲಿದ್ದ ಕಾಲೇಜೊಂದಕ್ಕೆ ನೆರವಾದರೆ ಅದಕ್ಕೆ ನಿಮ್ಮ ಹೆಸರೇ ಬಂದೀತು ಎಂದು ಅವನಿಗೆ ಪತ್ರ ಬರೆದ. ಯೇಲ್ ಕಳಿಸಿದ್ದು 417 ಪುಸ್ತಕ, ರಾಜನ ಒಂದು ಚಿತ್ರ, ಒಂಬತ್ತು ಮೂಟೆ ಸರಕು. ಬಟ್ಟೆಬರೆಯ ಆ ಮೂಟೆಗಳು 562 ಪೌಂಡಿಗೆ ಮಾರಾಟವಾದವು. ಆ ದುಡ್ಡಿನಲ್ಲಿ ಕಟ್ಟಡ ಎದ್ದಿತು.

ಅದೇ ಮ್ಯಾದರ್ ತರಂಗಂಬಾಡಿಯ ಜರ್ಮನ್ ಮಿಷನರಿ ಜೀಗನ್‌ಬಾಲ್ಗ್‌ಗೂ ಪತ್ರ ಬರೆದಿದ್ದ. ತಮಿಳಿಗೆ ಹೊಸ ಒಡಂಬಡಿಕೆ ತಂದವರು ಅವರು. 1721ರಲ್ಲಿ ಮ್ಯಾದರ್ ಬಾಸ್ಟನ್ನಿನಲ್ಲಿ 'ಇಂಡಿಯಾ ಕ್ರಿಸ್ಟಿಯಾನಾ' ಎಂಬ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಎರಡು ಬಗೆಯ 'ಇಂಡಿಯನ್ನರು' ಒಟ್ಟಿಗೆ ಬರುತ್ತಾರೆ: ಕೊಲಂಬಸ್‌ನ ತಪ್ಪಿನಿಂದ ಆ ಹೆಸರು ಪಡೆದ ಅಮೆರಿಕದ ಮೂಲನಿವಾಸಿಗಳು, ಮತ್ತು ನಮ್ಮ ಪೂರ್ವ ಕರಾವಳಿಯ ಜನ.

*

ಧರ್ಮದ ಸ್ವಾತಂತ್ರ್ಯಕ್ಕಾಗಿ ಬಂದವರು ಬೇರೆಯವರಿಗೆ ಅದನ್ನು ಕೊಡಲಿಲ್ಲ. ಸರ್ಕಾರಕ್ಕೆ ಜನರ ಆತ್ಮಸಾಕ್ಷಿಯ ಮೇಲೆ ಅಧಿಕಾರವಿಲ್ಲ, ಮೂಲನಿವಾಸಿಗಳ ನೆಲವನ್ನು ರಾಜ ದಾನ ಮಾಡಲಾಗದು ಎಂದ ರೋಜರ್ ವಿಲಿಯಮ್ಸ್‌ಗೆ 1635ರಲ್ಲಿ ಗಡೀಪಾರು. ಅವನು ಹೋಗಿ ಪ್ರಾವಿಡೆನ್ಸ್ ಕಟ್ಟಿದ, ನರಗಾನ್ಸೆಟ್ ಜನರ ಭಾಷೆ ಕಲಿತು 1643ರಲ್ಲಿ ಅದಕ್ಕೊಂದು ಕೈಪಿಡಿ ಬರೆದ. ಮನೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಪಾದ್ರಿಗಳ ಉಪದೇಶ ವಿಮರ್ಶಿಸುತ್ತಿದ್ದ ಸೂಲಗಿತ್ತಿ ಆನ್ ಹಚಿನ್ಸನ್‌ಗೆ 1637ರಲ್ಲಿ ವಿಚಾರಣೆ, ಬಹಿಷ್ಕಾರ. ಆ ಶಿಕ್ಷೆಗೆ ಮ್ಯಾಸಚೂಸೆಟ್ಸ್ ಗವರ್ನರ್ ಕ್ಷಮಾದಾನ ಕೊಟ್ಟದ್ದು 1987ರಲ್ಲಿ, 350 ವರ್ಷ ತಡವಾಗಿ. ಕ್ವೇಕರ್ ಪಂಥದ ಮೇರಿ ಡೈಯರ್‌ಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಈಗ ಅಲ್ಲಿನ ಶಾಸನಸಭೆಯ ಮುಂದೆ ಅವಳ ಪ್ರತಿಮೆಯಿದೆ.

*

ಅಮೆರಿಕ ಖಂಡದಲ್ಲಿ ಅಚ್ಚಾದ ಮೊದಲ ಪೂರ್ತಿ ಬೈಬಲ್ ಇಂಗ್ಲಿಷಿನದಲ್ಲ. 1663ರಲ್ಲಿ ಕೇಂಬ್ರಿಜ್‌ನಲ್ಲಿ ಹೊರಬಂದ ಆ ಗ್ರಂಥ ಅಲ್ಲಿನ ಮೂಲನಿವಾಸಿಗಳ ಮ್ಯಾಸಚೂಸೆಟ್ ಭಾಷೆಯದು, ವಾಂಪನೋಗ್ ಜನರ ಮಾತೂ ಅದೇ. ಮುಖಪುಟದಲ್ಲಿರುವ ಹೆಸರು ಪಾದ್ರಿ ಜಾನ್ ಎಲಿಯಟ್‌ನದು. ಆದರೆ ಅವನಿಗೆ ಭಾಷೆ ಕಲಿಸಿದ ಕಾಕಿನೋ, ಅನುವಾದಕ್ಕೆ ಜೊತೆ ಕೂತ ಜಾಬ್ ನೆಸುಟನ್, ಮೊಳೆ ಜೋಡಿಸಿದ ಜೇಮ್ಸ್, ಇವರೆಲ್ಲ ಮೂಲನಿವಾಸಿಗಳು. ಆ ಭಾಷೆಯ ಒಂದೊಂದು ಪದವೂ ಮಾರುದ್ದ. ಬಾಬೆಲ್ ಗೋಪುರದ ಕಾಲದಿಂದ ಈ ಪದಗಳು ಬೆಳೆಯುತ್ತಲೇ ಇವೆ ಎಂದು ಮ್ಯಾದರ್ ಬರೆದ. ಪ್ರತ್ಯಯದ ಮೇಲೆ ಪ್ರತ್ಯಯ ಹೆಣೆದು ಮಾತಾಡುವ ಕನ್ನಡಿಗರಿಗೆ ಅದು ಅಷ್ಟು ವಿಚಿತ್ರವಾಗಿ ಕಾಣಲಾರದು.

ಜೇಮ್ಸ್ ನಿಪ್ಮಕ್ ಬುಡಕಟ್ಟಿನವನು. ಮೊದಲ ಹೆಸರು ವೊವಾಸ್. 1659ರಲ್ಲಿ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದ. ಜನ ಅವನನ್ನು 'ಜೇಮ್ಸ್ ಪ್ರಿಂಟರ್' ಎಂದೇ ಕರೆದರು; ಕಸುಬೇ ಮನೆತನದ ಹೆಸರಾಯಿತು. 1675ರಲ್ಲಿ ವಾಂಪನೋಗ್ ನಾಯಕ ಮೆಟಕಾಮ್ ವಸಾಹತುಗಳ ವಿರುದ್ಧ ಯುದ್ಧಕ್ಕೆ ನಿಂತಾಗ ಜೇಮ್ಸ್ ಮೆಟಕಾಮ್‌ನ ಕಡೆಯವರ ಜೊತೆ ಇದ್ದ. ಯುದ್ಧದಲ್ಲಿ ಆ ಬೈಬಲ್ಲಿನ ಪ್ರತಿಗಳು ರಾಶಿರಾಶಿ ನಾಶವಾದವು. ಕ್ಷಮಾದಾನ ಸಿಕ್ಕ ಮೇಲೆ ಅವನು ಮತ್ತೆ ಅದೇ ಅಚ್ಚುಕೂಟಕ್ಕೆ ಬಂದ. 1685ರ ಎರಡನೆಯ ಮುದ್ರಣದ ಹೊತ್ತಿಗೆ, ಅರ್ಥ ತಿಳಿದು ಮೊಳೆ ಜೋಡಿಸಿ ತಿದ್ದಬಲ್ಲವನು ಇವನೊಬ್ಬನೇ ಎಂದು ಎಲಿಯಟ್ ಬರೆದ. ಅವನ ಹೆಸರು ಪುಸ್ತಕವೊಂದರ ಮುಖಪುಟಕ್ಕೆ ಬಂದದ್ದು 1709ರಲ್ಲಿ. ಕೆಲಸಕ್ಕೆ ಸೇರಿ 50 ವರ್ಷವಾಗಿತ್ತು.

ಆ ಯುದ್ಧವೇ ಪ್ಯೂರಿಟನ್ ಸಾಹಿತ್ಯದ ಅತಿ ಪ್ರಸಿದ್ಧ ಗದ್ಯಕ್ಕೂ ಕಾರಣವಾಯಿತು. 1676ರ ಫೆಬ್ರವರಿ 10ರಂದು (ಅವರ ಲೆಕ್ಕದಲ್ಲಿ ಅದಿನ್ನೂ 1675) ಲ್ಯಾಂಕಾಸ್ಟರ್ ಊರಿನ ಮೇಲೆ ದಾಳಿಯಾಗಿ ಪಾದ್ರಿಯ ಹೆಂಡತಿ ಮೇರಿ ರೋಲ್ಯಾಂಡ್‌ಸನ್ ಸೆರೆಸಿಕ್ಕಳು. ಗಾಯಗೊಂಡ ಆರು ವರ್ಷದ ಮಗಳು ಅವಳ ತೋಳಿನಲ್ಲೇ ಸತ್ತಳು. ಸೆರೆ ಹಿಡಿದವರ ಜೊತೆ ಹನ್ನೊಂದು ವಾರ ಹಿಮದಲ್ಲಿ ಅಲೆದಳು. 20 ಪೌಂಡ್ ಬಿಡುಗಡೆ ಹಣ ಕೊಟ್ಟ ಮೇಲೆ ಮನೆಗೆ ಬಂದಳು. 1682ರಲ್ಲಿ ಅಚ್ಚಾದ ಅವಳ ಕಥನದ ಮೊದಲ ಮುದ್ರಣ ಓದಿ ಓದಿ ಹರಿದುಹೋಯಿತು, ಉಳಿದಿರುವುದು ಕೆಲವೇ ಹಾಳೆ. ಕೇಂಬ್ರಿಜ್‌ನಲ್ಲಿ ಬಂದ ಮರುಮುದ್ರಣಕ್ಕೆ ಮೊಳೆ ಜೋಡಿಸಿದವನು ಜೇಮ್ಸ್ ಪ್ರಿಂಟರನೇ ಎಂದು ವಿದ್ವಾಂಸರ ಅಭಿಪ್ರಾಯ. ತನ್ನ ಜನರನ್ನು ಬೈದ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಕೈಯಾರೆ ಜೋಡಿಸಿದ ಮನುಷ್ಯ ಅವನು.

ಅವಳು ಬೈಯುತ್ತಾಳೆ, ನಿಜ. ಆದರೆ ಕಂಡದ್ದನ್ನು ಮುಚ್ಚಿಡುವುದಿಲ್ಲ. ಒಬ್ಬ ಮೂಲನಿವಾಸಿ ಲೂಟಿಯಲ್ಲಿ ಸಿಕ್ಕ ಬೈಬಲ್ಲನ್ನು ತಂದು ಅವಳ ಕೈಗಿಟ್ಟ. ಮೆಟಕಾಮ್ ಅವಳನ್ನು ಕರೆದು ತನ್ನ ಮಗನಿಗೆ ಒಂದು ಅಂಗಿ ಹೊಲಿಸಿಕೊಂಡು ಒಂದು ಶಿಲ್ಲಿಂಗ್ ಕೊಟ್ಟ. ಆಮೇಲೆ ಟೋಪಿ ಹೊಲಿಸಿಕೊಂಡು ಊಟಕ್ಕೆ ಕರೆದ. ಊಟ ಎಂದರೆ ಹುರಿದು ಕುಟ್ಟಿದ ಗೋಧಿಯನ್ನು ಕರಡಿ ಕೊಬ್ಬಿನಲ್ಲಿ ಕರಿದ, ಎರಡು ಬೆರಳಗಲದ ಒಂದು ದೋಸೆ. ಜೀವನದಲ್ಲಿ ಅಷ್ಟು ರುಚಿಯಾದದ್ದು ತಿಂದಿರಲಿಲ್ಲ ಎನಿಸಿತಂತೆ.

ಅದೇ 1676ರ ಆಗಸ್ಟ್‌ನಲ್ಲಿ ಮೆಟಕಾಮ್ ಹತನಾದ. ಅವನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿದರು, ಎಷ್ಟೋ ವರ್ಷ ಅದು ಅಲ್ಲೇ ಇತ್ತು. ಸುಮಾರು ಒಂಬತ್ತು ವರ್ಷದ ಅವನ ಮಗನನ್ನು ಏನು ಮಾಡಬೇಕೆಂದು ಪಾದ್ರಿಗಳು ಬೈಬಲ್ ತೆರೆದು ತಿಂಗಳುಗಟ್ಟಲೆ ಚರ್ಚಿಸಿದರು. ಕೊಲ್ಲಬೇಕೆಂದವರೂ ಇದ್ದರು. ಕೊನೆಗೆ ಗುಲಾಮನಾಗಿ ಮಾರಿದರು. ಆ ಟೋಪಿ ಹಾಕಿಕೊಂಡ ಹುಡುಗ ಅವನು.

ಹಾರ್ವರ್ಡ್ ಆವರಣದಲ್ಲಿ ಮೂಲನಿವಾಸಿ ಹುಡುಗರಿಗಾಗಿಯೇ 1650ರ ದಶಕದಲ್ಲಿ ಇಟ್ಟಿಗೆಯ ಕಾಲೇಜೊಂದು ಎದ್ದಿತ್ತು. ಅಲ್ಲಿಂದ ಪದವಿ ಪಡೆದ ವಾಂಪನೋಗ್ ಯುವಕ ಕೇಲಬ್ ಚೀಶಾಟೋಮಕ್, 1665ರಲ್ಲಿ. ಮರುವರ್ಷವೇ ಕ್ಷಯದಿಂದ ಸತ್ತ. ಅವನು ಲ್ಯಾಟಿನ್‌ನಲ್ಲಿ ಬರೆದ ಪತ್ರ ಉಳಿದಿದೆ. ಜೊತೆಗಾರ ಜೋಯಲ್ ಅಯಾಕೂಮಿಸ್ ಪದವಿಗೆ ಸ್ವಲ್ಪ ಮುಂಚೆ, ಊರಿಂದ ಮರಳುವಾಗ ಹಡಗು ಒಡೆದು ತೀರಿಕೊಂಡ. ಹಾರ್ವರ್ಡ್ ಅವನಿಗೆ ಪದವಿ ಕೊಟ್ಟದ್ದು 2011ರಲ್ಲಿ. ಎಲಿಯಟ್ ಬೈಬಲ್ ಅಚ್ಚಾದದ್ದು ಆ ಇಟ್ಟಿಗೆ ಕಟ್ಟಡದಲ್ಲೇ. 1698ರಲ್ಲಿ ಅದನ್ನು ಕೆಡವಿದರು. ಅಲ್ಲಿ ಅಗೆದ ಪುರಾತತ್ವಜ್ಞರಿಗೆ ಸೀಸದ ಅಚ್ಚುಮೊಳೆಗಳು ಸಿಕ್ಕಿವೆ.

ಆ ಬೈಬಲ್ಲಿಗೆ ಇನ್ನೊಂದು ಜನ್ಮವೂ ಬಂತು. ವಾಂಪನೋಗ್ ಭಾಷೆ ಮಾತಾಡುವವರಿಲ್ಲದೆ ನೂರು ವರ್ಷದ ಮೇಲಾಗಿತ್ತು. 1993ರಲ್ಲಿ ಅದೇ ಬುಡಕಟ್ಟಿನ ಜೆಸ್ಸಿ ಲಿಟಲ್ ಡೋ ಬೇರ್ಡ್ ಅದನ್ನು ಎಬ್ಬಿಸಲು ಹೊರಟರು. ಎಂಐಟಿಯಲ್ಲಿ ಭಾಷಾವಿಜ್ಞಾನ ಓದಿದರು. ಎಲಿಯಟ್ ಬೈಬಲ್, ಜೊತೆಗೆ ಅವರ ಪೂರ್ವಜರು ತಮ್ಮ ಭಾಷೆಯಲ್ಲೇ ಬರೆದಿಟ್ಟಿದ್ದ ಉಯಿಲು, ಜಮೀನು ಪತ್ರ, ಕಾಗದಗಳಿಂದ ವ್ಯಾಕರಣ ಕಟ್ಟಿದರು. ಅವರ ಮಗಳು ಅದನ್ನು ತಾಯ್ನುಡಿಯಾಗಿ ಕಲಿತ ಮಗು, ಶತಮಾನದ ಮೇಲೆ ಮೊದಲನೆಯದು. ಒಂದು ಜನಾಂಗವನ್ನು ತಮ್ಮ ಧರ್ಮಕ್ಕೆ ತಿರುಗಿಸಲು ಅಚ್ಚು ಹಾಕಿದ ಪುಸ್ತಕ, ಆ ಜನಾಂಗ ತನ್ನ ಮಾತಿಗೆ ತಾನು ಮರಳುವ ದಾರಿಯಾಯಿತು. ಈ ಅಂಕಣಕ್ಕಾಗಿ ಓದಿದ್ದರಲ್ಲಿ ನನ್ನ ಮನಸ್ಸು ತುಂಬಿ ಬಂದದ್ದು ಇಲ್ಲಿ.

*

ಬಾಸ್ಟನ್ನಿಗೆ ಸಿಡುಬು ತಡೆಯುವ ಉಪಾಯ ಹೇಳಿಕೊಟ್ಟವನು ಒಬ್ಬ ಗುಲಾಮ. ಆಫ್ರಿಕಾದಲ್ಲಿ ಹುಟ್ಟಿದ ಒನೆಸಿಮಸ್‌ನನ್ನು 1706ರಲ್ಲಿ ಸಭೆಯವರು ಮ್ಯಾದರ್‌ಗೆ ಉಡುಗೊರೆಯಾಗಿ ಕೊಟ್ಟಿದ್ದರು. ನಿನಗೆ ಸಿಡುಬು ಬಂದಿತ್ತೇ ಎಂದು ಕೇಳಿದಾಗ, ಚರ್ಮ ಗೀರಿ ಸಿಡುಬಿನ ಕೀವು ಸವರುವ ತನ್ನೂರಿನ ಪದ್ಧತಿಯನ್ನು ವಿವರಿಸಿ ತೋಳಿನ ಕಲೆ ತೋರಿಸಿದ. 1721ರಲ್ಲಿ ಸಿಡುಬು ಬಾಸ್ಟನ್ನಿಗೆ ನುಗ್ಗಿತು. ಬಂದವರು 5,889, ಸತ್ತವರು 844. ಮ್ಯಾದರ್ ಮಾತಿಗೆ ಒಪ್ಪಿದ ವೈದ್ಯ ಬಾಯ್ಲ್‌ಸ್ಟನ್ ಒಬ್ಬನೇ, ಮೊದಲು ತನ್ನ ಆರು ವರ್ಷದ ಮಗನಿಗೇ ಆ ಕೀವು ಹಾಕಿದ. ಅವನಿಂದ ಹಾಕಿಸಿಕೊಂಡ ಸುಮಾರು 240 ಮಂದಿಯಲ್ಲಿ ಸತ್ತವರು 6. ಊರು ಎಷ್ಟು ಕೆರಳಿತ್ತೆಂದರೆ ಮ್ಯಾದರ್ ಮನೆಯ ಕಿಟಕಿಗೆ ಬಾಂಬೇ ಬಿತ್ತು. ಸದ್ಯ, ಸಿಡಿಯಲಿಲ್ಲ.

*

ಪ್ಲಿಮತ್‌ನ ಇತಿಹಾಸ ಬರೆದ ಗವರ್ನರ್ ಬ್ರಾಡ್‌ಫರ್ಡ್ ಮುಪ್ಪಿನಲ್ಲಿ ಹೀಬ್ರೂ ಕಲಿಯಲು ಕೂತ. ದೇವರು ಮಾತಾಡಿದ ಭಾಷೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಹಸ್ತಪ್ರತಿಯ ಖಾಲಿ ಪುಟಗಳಲ್ಲಿ ಅವನು ತಿದ್ದಿದ ಹೀಬ್ರೂ ಪದಗಳು ಈಗಲೂ ಇವೆ. ಬಾಸ್ಟನ್ನಿನ ಓಲ್ಡ್ ಸೌತ್ ಚರ್ಚಿನ ಗೋಪುರದಲ್ಲಿದ್ದ ಆ ಹಸ್ತಪ್ರತಿ ಸ್ವಾತಂತ್ರ್ಯ ಯುದ್ಧದ ಸುಮಾರಿಗೆ ಮಾಯವಾಯಿತು. 1850ರ ದಶಕದಲ್ಲಿ ಪತ್ತೆಯಾದದ್ದು ಎಲ್ಲಿ? ಲಂಡನ್ನಿನ ಬಿಷಪ್ಪರ ಅರಮನೆಯಲ್ಲಿ. ಬಿಷಪ್ಪರಿಂದ ದೂರ ಹೋಗಲೆಂದೇ ಕಡಲು ದಾಟಿದವನ ಬರಹ ಅಷ್ಟು ಕಾಲ ಇದ್ದದ್ದು ಅಲ್ಲಿ. 1897ರಲ್ಲಿ ಅದು ಬಾಸ್ಟನ್ನಿಗೆ ಮರಳಿತು.

ಹರಾಜಾದ ಆ ಕೀರ್ತನೆ ಪುಸ್ತಕದ ಒಡೆತನವೂ ಓಲ್ಡ್ ಸೌತ್ ಸಭೆಯದೇ ಆಗಿತ್ತು. 1697ರ ಜನವರಿ 14ರಂದು ಅದೇ ಸಭೆಯಲ್ಲಿ ನ್ಯಾಯಾಧೀಶ ಸೂಯಲ್ ಎದ್ದು ನಿಂತ. ದಿನಚರಿಯಲ್ಲಿ ಹೆಪ್ಪುಗಟ್ಟಿದ ರೊಟ್ಟಿಯ ಬಗ್ಗೆ ಬರೆದವನೇ ಅವನು. ತಪ್ಪೊಪ್ಪಿಗೆ ಬರೆದ ಕಾಗದವನ್ನು ಪಾದ್ರಿ ಎಲ್ಲರೆದುರು ಓದುವಷ್ಟೂ ಹೊತ್ತು ನಿಂತೇ ಇದ್ದ. ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಮಾಟದ ಆರೋಪಗಳ ಪ್ರಕರಣದಲ್ಲಿ ನಿರಪರಾಧಿಗಳನ್ನು ಗಲ್ಲಿಗೆ ಕಳಿಸಿದ ನ್ಯಾಯಪೀಠದಲ್ಲಿದ್ದವರ ಪೈಕಿ ಹೀಗೆ ಬಹಿರಂಗವಾಗಿ ನಾಚಿಕೆ ಹೊತ್ತವನು ಇವನೊಬ್ಬ. 1700ರಲ್ಲಿ ಗುಲಾಮಗಿರಿ ಪಾಪ ಎಂದು ಪುಸ್ತಿಕೆ ಬರೆದ. ನ್ಯೂ ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ವಿರುದ್ಧ ಅಚ್ಚಾದ ಮೊದಲ ಬರಹ ಅದು.

ಸೇಲಂನಲ್ಲಿ 1692ರಲ್ಲಿ ಯಾರನ್ನೂ ಸುಡಲಿಲ್ಲ. ಗಲ್ಲಿಗೇರಿಸಿದ್ದು 19 ಮಂದಿಯನ್ನು: 14 ಹೆಂಗಸರು, 5 ಗಂಡಸರು. ಹೇಳಿಕೆ ಕೊಡಲೊಪ್ಪದ ಮುದುಕ ಜೈಲ್ಸ್ ಕೋರಿಯ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕನಿಷ್ಠ ಐವರು ಸೆರೆಮನೆಯಲ್ಲಿ ಸತ್ತರು. ಪಶ್ಚಾತ್ತಾಪ ಪಡದ ನ್ಯಾಯಾಧೀಶ ಜಾನ್ ಹ್ಯಾಥೋರ್ನ್‌ನ ವಂಶದಲ್ಲೇ ಹುಟ್ಟಿದವನು, 1850ರಲ್ಲಿ 'ದಿ ಸ್ಕಾರ್ಲೆಟ್ ಲೆಟರ್' ಬರೆದ ನಥಾನಿಯಲ್ ಹಾಥಾರ್ನ್. ಮನೆತನದ ಹೆಸರಿನ ಕಾಗುಣಿತಕ್ಕೆ ಅವನು ಒಂದಕ್ಷರ ಸೇರಿಸಿಕೊಂಡ.

ಸೇಲಂಗಿಂತ ಹೆಚ್ಚು ಜನರ ಮೇಲೆ ಆರೋಪ ಬಂದದ್ದು ಪಕ್ಕದ ಆಂಡೋವರ್‌ನಲ್ಲಿ. ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟ್‌ಳ ಊರು ಅದು. ಅವಳು ಸತ್ತು 20 ವರ್ಷವಾಗಿತ್ತು. ಅವಳ ಮಗ ಡಡ್ಲಿ ಅಲ್ಲಿ ಮ್ಯಾಜಿಸ್ಟ್ರೇಟ್. ಮೂವತ್ತು ನಲವತ್ತು ಮಂದಿಯ ಬಂಧನದ ಆದೇಶಕ್ಕೆ ಸಹಿ ಹಾಕಿದ ಮೇಲೆ, ಇನ್ನು ಹಾಕಲಾರೆ ಎಂದ. ಕೂಡಲೇ ಅವನ ಮೇಲೂ ಹೆಂಡತಿಯ ಮೇಲೂ ಮಾಟದ ಆರೋಪ ಬಂತು, ಇಬ್ಬರೂ ತಲೆಮರೆಸಿಕೊಂಡರು. ಅವನ ತಮ್ಮ ಜಾನ್ ಒಂದು ನಾಯಿಗೆ ಮಾಟ ಮಾಡಿದನೆಂದರು. ಅವನೂ ಓಡಿದ. ನಾಯಿಯನ್ನು ಕೊಂದರು.

ಆಂಡೋವರ್‌ನ ಎಲಿಜಬೆತ್ ಜಾನ್ಸನ್ ಎಂಬ 22ರ ಹೆಣ್ಣಿಗೂ ಮರಣದಂಡನೆ ಆಗಿತ್ತು. ಗಲ್ಲಾಗುವ ಮುಂಚೆ ಗವರ್ನರ್ ತಡೆದದ್ದರಿಂದ ಜೀವ ಉಳಿಯಿತು. ಶಿಕ್ಷೆ ಮಾತ್ರ ಕಾಗದದ ಮೇಲೆ ಹಾಗೇ ಇತ್ತು. 1711ರಲ್ಲಿ ಸರ್ಕಾರ ಅನೇಕರನ್ನು ದೋಷಮುಕ್ತರೆಂದು ಸಾರಿದಾಗ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನನ್ನ ಹೆಸರೂ ಸೇರಿಸಿ ಎಂದು ಅರ್ಜಿ ಕೊಟ್ಟಳು. ಸೇರಿಸಲಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ, ಅವಳ ಪರ ಮುಂದೆ ಕೇಳುವ ವಂಶವಿರಲಿಲ್ಲ. 1747ರಲ್ಲಿ ತೀರಿಕೊಂಡಳು. ಈಚೆಗೆ ಅದೇ ಊರಿನ, ಇಂದಿನ ನಾರ್ತ್ ಆಂಡೋವರ್‌ನ, ಎಂಟನೆಯ ತರಗತಿಯ ಮಕ್ಕಳು ಪೌರನೀತಿ ಪಾಠದ ಭಾಗವಾಗಿ ಅವಳ ಕಾಗದಪತ್ರ ಓದಿ, ಶಾಸನಸಭೆಗೆ ಪತ್ರ ಬರೆದರು. 2022ರ ಜುಲೈನಲ್ಲಿ ಮ್ಯಾಸಚೂಸೆಟ್ಸ್ ಅವಳ ಹೆಸರನ್ನು ಪಟ್ಟಿಗೆ ಸೇರಿಸಿತು.